ಭೇಟಿಯಾಗಿ ಬಂದ ಮೇಲೆ ಆ್ಯಪ್ ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾ?

ನಿಮ್ಮ ಪ್ರಶ್ನೆ ಇದು: ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವರನ್ನು ಭೇಟಿಯಾಗಿ ಬಂದ ಮೇಲೆ "ಭೇಟಿ ಆಯಿತಾ? ಇಂಥವರನ್ನು ಮತ್ತೆ ನೋಡಲು ಇಷ್ಟವಾ?" ಎಂದು ಆ್ಯಪ್ ಕೇಳುತ್ತದೆ. ಉತ್ತರ ಕೊಟ್ಟರೆ ಮುಂದೆ ನಮಗೆ ಹೊಂದುವವರನ್ನು ತೋರಿಸುತ್ತದಾ, ಇಲ್ಲ ಸುಮ್ನೆ ನಮ್ಮ ವಿಷಯ ಕಲೆಹಾಕುತ್ತದಾ?

ಉತ್ತರ ಕೊಡಿ ಎಂದೇ ನಾನು ಹೇಳುತ್ತೇನೆ. ಆದರೆ ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಅಂತ ತಿಳಿದುಕೊಂಡು ಕೊಡಿ.

ನಾನು ಬೆಂಗಳೂರಿನಲ್ಲಿ ಒಂದು ಆನ್‌ಲೈನ್ ಬಟ್ಟೆ ಅಂಗಡಿಗೆ ಕೆಲಸ ಮಾಡುತ್ತೇನೆ. "ನಿಮಗೆ ಇದೂ ಇಷ್ಟವಾಗಬಹುದು" ಅಂತ ತೋರಿಸುತ್ತದಲ್ಲ, ಆ ಸಾಫ್ಟ್‌ವೇರ್ ನಮ್ಮ ತಂಡದ್ದು. ಶುರುವಿನಲ್ಲಿ ನಮ್ಮ ಹತ್ತಿರ ಇದ್ದದ್ದು ಕ್ಲಿಕ್ ಲೆಕ್ಕ ಮಾತ್ರ. ಫೋಟೊದಲ್ಲಿ ಚೆಂದ ಕಂಡ ಕುರ್ತಾವನ್ನು ಎಲ್ಲರೂ ಒತ್ತುತ್ತಿದ್ದರು, ನಾವೂ ಅದನ್ನೇ ಎಲ್ಲರಿಗೂ ತೋರಿಸುತ್ತಿದ್ದೆವು. ಮನೆಗೆ ಹೋದ ಮೇಲೆ ಬಟ್ಟೆ ತೆಳು, ತೋಳು ಬಿಗಿ ಅಂತ ವಾಪಸ್ ಬರುತ್ತಿತ್ತು. ವಾಪಸ್ ಕಳಿಸಿದ ಕಾರಣವನ್ನೂ ಲೆಕ್ಕಕ್ಕೆ ಸೇರಿಸಿದ ಮೇಲೆಯೇ ಕೆಲಸ ಸುಧಾರಿಸಿತು. ಡೇಟಿಂಗ್ ಆ್ಯಪ್‌ನಲ್ಲಿ ನಾವು ಬಲಕ್ಕೆ ಸರಿಸುವುದು, ಅಂದರೆ "ಇಷ್ಟ" ಅನ್ನುವುದು, ಹೆಚ್ಚಾಗಿ ಫೋಟೊ ನೋಡಿ. ಅದರಿಂದ ಆ್ಯಪ್‌ಗೆ ತಿಳಿಯುವುದು ನಮಗೆ ಯಾವ ಫೋಟೊ ಇಷ್ಟ ಅನ್ನುವುದಷ್ಟೇ. ಎದುರು ಕೂತಾಗ ಮಾತು ಹೇಗೆ ಸಾಗಿತು ಅಂತ ನಾವು ಹೇಳದಿದ್ದರೆ ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ಹಿಂಜ್ ಅನ್ನುವ ಡೇಟಿಂಗ್ ಆ್ಯಪ್ 2018ರಲ್ಲಿ ಈ ಪ್ರಶ್ನೆ ಕೇಳಲು ಶುರು ಮಾಡಿತು. ಇಬ್ಬರು ಫೋನ್ ನಂಬರ್ ಕೊಟ್ಟುಕೊಂಡರೆ, ಭೇಟಿ ಆಯಿತಾ, ಇಂಥವರನ್ನು ಮತ್ತೆ ನೋಡುವ ಇಷ್ಟ ಇದೆಯಾ ಎಂದು ಕೇಳುತ್ತದೆ. ನೀವು ಹೇಳಿದ್ದು ಎದುರಿನವರಿಗೆ ಕಾಣುವುದಿಲ್ಲ. ಇದು ಮುಖ್ಯ. ಕಾಣುತ್ತದೆ ಅಂದರೆ ಯಾರೂ ನಿಜ ಹೇಳುವುದಿಲ್ಲ.

ಭೇಟಿಗೆ ಮೊದಲಿನ ಮಾಹಿತಿ ಎಷ್ಟಿದ್ದರೂ ಸಾಲದು ಅನ್ನುವುದಕ್ಕೆ ಒಂದು ಒಳ್ಳೆಯ ಅಧ್ಯಯನವಿದೆ. ಸಮಂತಾ ಜೋಯಲ್, ಪಾಲ್ ಈಸ್ಟ್‌ವಿಕ್, ಎಲೈ ಫಿಂಕೆಲ್ ಅನ್ನುವ ಮನಶ್ಶಾಸ್ತ್ರಜ್ಞರು ಅದನ್ನು 2017ರಲ್ಲಿ ಪ್ರಕಟಿಸಿದರು. ಸ್ಪೀಡ್ ಡೇಟಿಂಗ್‌ಗೆ (ಒಬ್ಬೊಬ್ಬರ ಜೊತೆ ಕೆಲವೇ ನಿಮಿಷ ಮಾತಾಡಿ ಹಲವರನ್ನು ಭೇಟಿಯಾಗುವ ಕೂಟ) ಬಂದವರ ಸ್ವಭಾವ, ಆಸೆ ಎಲ್ಲ ಸೇರಿಸಿ ನೂರಕ್ಕೂ ಹೆಚ್ಚು ವಿಷಯಗಳನ್ನು ಮೊದಲೇ ಕೇಳಿ ಕಂಪ್ಯೂಟರ್‌ಗೆ ಕೊಟ್ಟರು. ಯಾರು ಸುಲಭವಾಗಿ ಬೇರೆಯವರನ್ನು ಮೆಚ್ಚುತ್ತಾರೆ, ಯಾರನ್ನು ಹೆಚ್ಚು ಜನ ಮೆಚ್ಚುತ್ತಾರೆ ಅಂತ ಅದು ಸ್ವಲ್ಪ ಮಟ್ಟಿಗೆ ಊಹಿಸಿತು. ಆದರೆ ಇವಳಿಗೆ ನಿರ್ದಿಷ್ಟವಾಗಿ ಇವನೇ ಇಷ್ಟವಾಗುತ್ತಾನಾ ಅಂತ ಊಹಿಸಲು ಆಗಲೇ ಇಲ್ಲ. ನಮಗೆ ಬೇಕಾದದ್ದು ಅದೇ ಅಲ್ವಾ?

ಇಲ್ಲಿ ನನಗೆ ನೆನಪಾಗುವುದು ಸಾಗರದ ನಮ್ಮ ದೊಡ್ಡಮ್ಮ. ಸಂಬಂಧ ಹುಡುಕಿಕೊಡುವುದರಲ್ಲಿ ಅವರಿಗೆ ಸುತ್ತಮುತ್ತ ಹೆಸರಿತ್ತು. ಹೆಣ್ಣು ನೋಡುವ ಶಾಸ್ತ್ರ ಮುಗಿದ ಮಾರನೇ ದಿನ ಎರಡೂ ಮನೆಗೆ ಬೇರೆ ಬೇರೆಯಾಗಿ ಫೋನ್ ಮಾಡುತ್ತಿದ್ದರು. "ಒಪ್ಪಿಗೆಯಾ?" ಅಂತ ಮೊದಲೇ ಕೇಳುತ್ತಿರಲಿಲ್ಲ. ಹುಡುಗಿಯನ್ನೇ ಕರೆಸಿಕೊಂಡು "ಅವ ನಿನ್ನ ಏನು ಕೇಳ್ದ? ನೀ ಏನು ಹೇಳ್ದೆ? ನೀ ಮಾತಾಡುವಾಗ ಕೇಳಿಸಿಕೊಂಡ್ನಾ?" ಅನ್ನುತ್ತಿದ್ದರು. ಒಬ್ಬ ಹುಡುಗಿ ಬೆಂಗಳೂರಿನ ಇಂಜಿನಿಯರೇ ಬೇಕು ಅಂದಿದ್ದಳು. ಮೂವರು ಇಂಜಿನಿಯರುಗಳನ್ನು ನೋಡಿ ಮೂವರನ್ನೂ ಬೇಡ ಅಂದಳು. ದೊಡ್ಡಮ್ಮ ಕೆದಕಿ ಕೇಳಿದಾಗ ಮೂರು ಸಲವೂ ಬಂದದ್ದು ಒಂದೇ ಮಾತು: "ನನ್ನ ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ." ದೊಡ್ಡಮ್ಮ ನಾಲ್ಕನೆಯದಾಗಿ ತೋರಿಸಿದ್ದು ಶಿರಸಿ ಕಡೆಯ ದನದ ಡಾಕ್ಟರನ್ನು. ಅವರಿಬ್ಬರ ಮದುವೆಯ ಊಟ ನಾನೂ ಮಾಡಿದ್ದೇನೆ.

ಆ ಹುಡುಗಿ ಆ್ಯಪ್‌ನಲ್ಲಿ ಮೂರು ಸಲ ಬರೀ "ಇಲ್ಲ" ಅಂತ ಒತ್ತಿದ್ದರೆ ಏನಾಗುತ್ತಿತ್ತು ಯೋಚಿಸಿ. ಆ್ಯಪ್‌ಗೆ ಕಾಣುವುದು ವಯಸ್ಸು, ಎತ್ತರ, ಕೆಲಸ, ದೂರ. "ಇಲ್ಲ" ಅನ್ನುವುದಕ್ಕೆ ಅದು ಇವುಗಳಲ್ಲೇ ಕಾರಣ ಹುಡುಕುತ್ತದೆ. ಇಂಜಿನಿಯರ್ ಬೇಡ ಅಂತಲೋ, ಎತ್ತರ ಸಾಲದು ಅಂತಲೋ ಕಲಿತುಬಿಡುತ್ತದೆ. ಅದಕ್ಕೇ ಯಾಕೆ ಅಂತ ಕೇಳದೆ ಹೌದು-ಇಲ್ಲ ಮಾತ್ರ ಕೇಳುವ ಆ್ಯಪ್‌ನಿಂದ ಜಾಸ್ತಿ ನಿರೀಕ್ಷೆ ಬೇಡ.

ಇನ್ನೊಂದು ತೊಡಕು, ಉತ್ತರಗಳೇ ಕಡಿಮೆ. ಎರಡು ವರ್ಷದಲ್ಲಿ ನಾನು ಬಲಕ್ಕೆ ಸರಿಸಿದ್ದು ನೂರಾರು ಜನರನ್ನು. ಎದುರು ಕೂತು ಕಾಫಿ ಕುಡಿದದ್ದು ಒಂಬತ್ತು ಜನರ ಜೊತೆ. ಒಂಬತ್ತು ಉತ್ತರದಿಂದ ಯಾವ ಸಾಫ್ಟ್‌ವೇರೂ ನನ್ನನ್ನು ಅರ್ಥ ಮಾಡಿಕೊಳ್ಳಲಾರದು. ನನ್ನ ಹಾಗೇ ಆಯ್ಕೆ ಮಾಡುವ ಬೇರೆ ಸಾವಿರಾರು ಜನರ ಉತ್ತರ ಸೇರಿದರೆ ಏನಾದರೂ ಸುಳಿವು ಸಿಗಬಹುದು. ಅದರಲ್ಲೂ ಭೇಟಿ ತುಂಬಾ ಚೆನ್ನಾಗಿ ಆದವರು ಆ್ಯಪ್ ತೆಗೆದುಹಾಕಿ ಹೊರಟುಬಿಡುತ್ತಾರೆ, ಉತ್ತರ ಕೊಡುವುದಿಲ್ಲ. ಎಲ್ಲಕ್ಕಿಂತ ಬೆಲೆಬಾಳುವ ಉತ್ತರವೇ ತಪ್ಪಿಹೋಗುತ್ತದೆ. ನಿಮಗೆ ಒಳ್ಳೆಯವರು ಸಿಕ್ಕರೆ ಹೊರಡುವ ಮೊದಲು ದಯವಿಟ್ಟು ಒಂದು "ಹೌದು" ಒತ್ತಿ ಹೋಗಿ.

ಎದುರಿನವರಿಗೆ ಸ್ಟಾರ್ ಕೊಡುವ ಪದ್ಧತಿ ಬರಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಟೋ ಸವಾರಿಗೆ ಕೊಟ್ಟ ಹಾಗೆ ಮನುಷ್ಯರಿಗೆ ಅಂಕ ಕೊಟ್ಟರೆ ಮೈಬಣ್ಣ, ಜಾತಿ, ಇಂಗ್ಲಿಷ್ ಉಚ್ಚಾರಣೆ ಎಲ್ಲವೂ ಆ ಅಂಕದೊಳಗೆ ಸೇರಿಕೊಳ್ಳುತ್ತವೆ. ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಮಾತ್ರ ಈ ಪ್ರಶ್ನೆಗೆ "ಇಲ್ಲ" ಅಂದು ಸುಮ್ಮನಾಗಬೇಡಿ. ಅದಕ್ಕೆ ರಿಪೋರ್ಟ್ ಮಾಡುವ ಜಾಗ ಬೇರೆ ಇರುತ್ತದೆ, ಅಲ್ಲಿ ಹೇಳಿ.

ಭೇಟಿಯಾದ ರಾತ್ರಿಯೇ ಉತ್ತರ ಒತ್ತಬೇಡಿ. ಒಂದು ಸಲ ನಾನು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎರಡು ಗಂಟೆ ಸಿಕ್ಕಿಕೊಂಡು, ತಲೆನೋವಿನಲ್ಲಿ ಒಬ್ಬ ಒಳ್ಳೆಯ ಮನುಷ್ಯನಿಗೆ "ಇಲ್ಲ" ಒತ್ತಿದ್ದೆ. ಮಾರನೇ ಬೆಳಿಗ್ಗೆ ತಪ್ಪು ಮಾಡಿದೆ ಅನ್ನಿಸಿತು. ಆಮೇಲೆ ಪ್ರತಿ ಭೇಟಿಯ ಮರುದಿನ ದೊಡ್ಡಮ್ಮನ ಆ ಮೂರು ಪ್ರಶ್ನೆಗೆ ಫೋನಿನಲ್ಲೇ ಎರಡು ಸಾಲು ಬರೆದಿಟ್ಟುಕೊಳ್ಳಲು ಶುರು ಮಾಡಿದೆ. ಐದಾರು ಭೇಟಿ ಆದ ಮೇಲೆ ಓದಿ ನೋಡಿದೆ. ಮಾತು ಚೆನ್ನಾಗಿ ಸಾಗಿದ್ದೆಲ್ಲ ತಮ್ಮ ಊರಿನ ಬಗ್ಗೆ, ಮನೆಯವರ ಬಗ್ಗೆ ಬಿಚ್ಚಿ ಮಾತಾಡಿದವರ ಜೊತೆ. ನನ್ನ ಪ್ರೊಫೈಲ್‌ನಲ್ಲಿ ಇದ್ದದ್ದು ಬರೀ ಟ್ರೆಕ್ಕಿಂಗ್ ಫೋಟೊ. ಅದರಲ್ಲಿ ಒಂದನ್ನು ತೆಗೆದು, ಅಜ್ಜಿಮನೆಯ ಅಡಿಕೆ ಅಂಗಳದ ಫೋಟೊ ಹಾಕಿ, "ನಿಮ್ಮ ಊರಿನ ಒಂದು ಕಥೆ ಹೇಳಿ" ಅಂತ ಬರೆದೆ. ಆ ವಾರದಿಂದ ಬರುವ ಮೆಸೇಜ್‌ಗಳೇ ಬೇರೆಯಾದವು.