ಬೆಲ್ಲದ ಟೀ ಒಡೆಯುವುದೇಕೆ, ಅಮ್ಮನಿಗೆ ಯಾವಾಗ ಕೊಡಬೇಕು

ಶುಂಠಿ, ಬೆಲ್ಲ ಹಾಕಿದ ಟೀಯಲ್ಲಿ ಹಾಲು ಒಡೆಯುತ್ತದೆ, ಕಬ್ಬಿಣಾಂಶದ ಮಾತ್ರೆ ನುಂಗುವ ಅಮ್ಮನಿಗೆ ಅದನ್ನು ಕೊಡಬಹುದೇ ಎಂದು ಮಡಿಕೇರಿಯಿಂದ ಕೇಳಿದ್ದೀರಿ.

ಬೆಲ್ಲದಲ್ಲಿ ತುಸು ಹುಳಿ ಇರುತ್ತದೆ. ಕೊಡಗಿನ ಮಳೆಗಾಲದಲ್ಲಿ ತೇವ ಹೀರಿ ನೀರೂರಿದ ಬೆಲ್ಲದಲ್ಲಂತೂ ಇನ್ನೂ ಜಾಸ್ತಿ. ಕುದಿಯುವ ಹಾಲಿಗೆ ಅದು ಬಿದ್ದರೆ ಒಡೆಯದೆ ಇನ್ನೇನಾಗುತ್ತದೆ? ಹಸಿ ಶುಂಠಿಯಲ್ಲೂ ಹಾಲು ಒಡೆಸುವ ಕಿಣ್ವವಿದೆ. ನೀರಲ್ಲಿ ಚೆನ್ನಾಗಿ ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ನಮ್ಮ ಬೆಲ್ಲದ ಕಾಪಿಗೆ ಹಾಲು ಹಾಕದ ಕಾರಣ ಈ ತೊಂದರೆಯೇ ಇಲ್ಲ.

ಎರಡು ಲೋಟಕ್ಕೆ ಒಂದೂಕಾಲು ಲೋಟ ನೀರು, ಜಜ್ಜಿದ ಅರ್ಧ ಇಂಚು ಶುಂಠಿ, 2 ಏಲಕ್ಕಿ ಹಾಕಿ 4 ನಿಮಿಷ ಕುದಿಸಿ. 2 ಚಮಚ ಟೀಪುಡಿ ಹಾಕಿ ಇನ್ನೆರಡು ನಿಮಿಷ ಬಿಡಿ. ಕೊನೆಗೆ ಬೆಲ್ಲ ಕರಗಿಸಿ, ಒಲೆ ಆರಿಸಿ, ಸೋಸಿ. ಮುಕ್ಕಾಲು ಲೋಟ ಹಾಲನ್ನು ಬೇರೆಯಾಗಿ ಕಾಯಿಸಿ, ಎರಡು ನಿಮಿಷ ಬಿಟ್ಟು ಬೆರೆಸಿ. ಮತ್ತೆ ಒಲೆಗೆ ಇಡಲೇಬೇಡಿ, ಹೆಚ್ಚಿನವರು ಎಡವುವುದು ಅಲ್ಲೇ.

ಅಮ್ಮನಿಗೆ ಕೊಡಬಹುದು, ಆದರೆ ಊಟದ ಜೊತೆ ಅಥವಾ ಮಾತ್ರೆಯ ಜೊತೆ ಬೇಡ. ಟೀಯ ಒಗರು ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಊಟವಾಗಿ ಒಂದು ಗಂಟೆ, ಮಾತ್ರೆ ನುಂಗಿ ಎರಡು ಗಂಟೆ ಕಳೆಯಲಿ. ಕಾಪಿಗೂ ಇದೇ ಲೆಕ್ಕ. ಬೆಲ್ಲದಲ್ಲಿ ಕಬ್ಬಿಣವಿದೆ ಎಂದು ಮಾತ್ರೆ ಮಾತ್ರ ನಿಲ್ಲಿಸಬೇಡಿ.