ಪ್ರತಿಕ್ರಿಯೆ: 'ಲೇಟೆಸ್ಟ್.ರಿಲೀಸ್' ಹಾಕಿದರೂ ಹೊಸ ಆವೃತ್ತಿ ಬರುತ್ತಿಲ್ಲ

ಕೋಡನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಜೋಡಿಸಿ ಬಿಲ್ಡ್ ಮಾಡುವ ಗ್ರೇಡಲ್‌ನಲ್ಲಿ, ಲೈಬ್ರರಿಯ ಆವೃತ್ತಿ ಸಂಖ್ಯೆಯ ಜಾಗದಲ್ಲಿ 'ಲೇಟೆಸ್ಟ್.ರಿಲೀಸ್' (ತೀರಾ ಹೊಸ ಬಿಡುಗಡೆ) ಅಂತ ಬರೆದಿದ್ದೀರಿ. ಇವತ್ತು ಬೆಳಿಗ್ಗೆ ಬಂದ ಲೈಬ್ರರಿ ಬಿಲ್ಡ್ ಸರ್ವರ್‌ಗೆ ಸಿಕ್ಕಿದೆ, ನಿಮ್ಮ ಲ್ಯಾಪ್‌ಟಾಪ್‌ಗೆ ಸಿಕ್ಕಿಲ್ಲ. ಕಾರಣ ಕ್ಯಾಶ್, ಅಂದರೆ ಹಿಂದೆ ಸಿಕ್ಕಿದ್ದನ್ನು ಎತ್ತಿಟ್ಟುಕೊಳ್ಳುವ ಜಾಗ. ಇಂಥ ಬದಲಾಗುವ ಆವೃತ್ತಿಗೆ ಸಿಕ್ಕ ಉತ್ತರವನ್ನು ಗ್ರೇಡಲ್ 24 ಗಂಟೆ ಇಟ್ಟುಕೊಳ್ಳುತ್ತದೆ. 'ರಿಫ್ರೆಶ್-ಡಿಪೆಂಡೆನ್ಸೀಸ್' ಆಯ್ಕೆ ಕೊಟ್ಟು ಒಮ್ಮೆ ಬಿಲ್ಡ್ ಮಾಡಿ, ಸರಿಹೋಗುತ್ತದೆ.

ಆದರೆ ನಿಜವಾದ ತೊಂದರೆ ಅದಲ್ಲ. ಒಂದೇ ಕೋಡ್, ಎರಡು ಯಂತ್ರ, ಎರಡು ಬೇರೆ ಫಲಿತಾಂಶ. ಇದು ಅಪಾಯ ಅಲ್ವಾ? ನಾಳೆ ಟೆಸ್ಟ್ ಬಿದ್ದರೆ ತಪ್ಪು ನಿಮ್ಮ ಕೋಡಿನದೋ ಲೈಬ್ರರಿಯದೋ ಅಂತ ಹುಡುಕುತ್ತಾ ಕೂರಬೇಕು. ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಮೇವನ್ ರೆಪಾಸಿಟರಿಯಿಂದ (ಲೈಬ್ರರಿಗಳ ಸಂಗ್ರಹ) ಬರುವುದರಲ್ಲಿ ಸ್ನ್ಯಾಪ್‌ಶಾಟ್ (ಇನ್ನೂ ಬದಲಾಗುತ್ತಿರುವ ಆವೃತ್ತಿ) ಅಲ್ಲದ್ದೆಲ್ಲವನ್ನೂ ಗ್ರೇಡಲ್ ರಿಲೀಸ್ ಅಂತಲೇ ಎಣಿಸುತ್ತದೆ. ಅಂದರೆ ಬೀಟಾ, ಆಲ್ಫಾದಂಥ ಪರೀಕ್ಷಾ ಆವೃತ್ತಿಗಳು ಕೂಡ ಸದ್ದಿಲ್ಲದೆ ಒಳಗೆ ಬರಬಹುದು.

ಹೊಸದು ಬೇಕು ಅನ್ನುವ ನಿಮ್ಮ ಆಸೆ ಸರಿಯೇ. ಭದ್ರತಾ ತಿದ್ದುಪಡಿಗಳು ಬೇಗ ಸಿಗಬೇಕು. ಅದಕ್ಕೆ ಗ್ರೇಡಲ್‌ನ ಡಿಪೆಂಡೆನ್ಸಿ ಲಾಕಿಂಗ್ (ಲೈಬ್ರರಿಗಳ ಆವೃತ್ತಿಯನ್ನು ಬದಲಾಗದಂತೆ ಕಟ್ಟಿಹಾಕುವುದು) ಆನ್ ಮಾಡಿ. 'ರೈಟ್-ಲಾಕ್ಸ್' ಆಯ್ಕೆಯೊಂದಿಗೆ ಓಡಿಸಿದರೆ ಆಗ ಸಿಕ್ಕ ಆವೃತ್ತಿಗಳೆಲ್ಲ ಲಾಕ್‌ಫೈಲ್‌ನಲ್ಲಿ ದಾಖಲಾಗುತ್ತವೆ. ಅದನ್ನು ಗಿಟ್‌ಗೆ ಸೇರಿಸಿ. ಆಮೇಲೆ ಎಲ್ಲ ಯಂತ್ರಗಳಿಗೂ ಅದೇ ಆವೃತ್ತಿ. ಹೊಸದು ಬೇಕಾದಾಗ ಮಾತ್ರ ಲಾಕ್‌ಫೈಲ್ ಮತ್ತೆ ಬರೆಸಿ.

ನನ್ನ ಆಯ್ಕೆ ಇನ್ನೂ ಸರಳ. 'ಲೇಟೆಸ್ಟ್' ತೆಗೆದು ಖಚಿತ ಸಂಖ್ಯೆ ಬರೆಯಿರಿ, ಹೊಸ ಆವೃತ್ತಿ ಬಂದಿದೆಯಾ ಅಂತ ತಾನೇ ನೋಡುವ ರೆನೋವೇಟ್ ಅಥವಾ ಡಿಪೆಂಡಬಾಟ್ ಹಾಕಿಕೊಳ್ಳಿ. ಹೊಸ ಆವೃತ್ತಿ ಬಂದಾಗ ಆ ಬಾಟ್ ತಾನಾಗಿಯೇ ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯ ಪ್ರಸ್ತಾಪ) ತೆರೆಯುತ್ತದೆ, ನಿಮ್ಮ ಟೆಸ್ಟ್‌ಗಳು ಅದರ ಮೇಲೆ ಓಡುತ್ತವೆ. ಪಾಸಾದರೆ ಮರ್ಜ್ ಮಾಡಿ.