ಸೈಕಲ್ಲಿಗೆ ಹೊಸ ಚೈನ್ ತಂದಿದ್ದೇನೆ: ಬಿಸಿ ಮೇಣದಲ್ಲಿ ಅದ್ದಲೇ, ಎಣ್ಣೆಯನ್ನೇ ಮುಂದುವರಿಸಲೇ?

"ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆದು ಮೇಣದಲ್ಲಿ ಅದ್ದಿದರೆ ಸಾಕಲ್ಲವೇ?" ಎಂದು ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ. ಸಾಲದು. ಸಾಕೆಂದುಕೊಂಡು ನಾನು ಒಂದು ಚೈನ್, ಒಂದು ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು), ಮುಂದಿನ ಹಲ್ಲುಚಕ್ರ ಮತ್ತು ಎಡಮಂಡಿಯ ಚರ್ಮ ಕಳೆದುಕೊಂಡಿದ್ದೇನೆ. ನೀವು ಬರೆದಂತೆ ದಿನವೂ ಕೆಲಸಕ್ಕೆ ಸೈಕಲ್, ಮಳೆ ಬಂದರೂ ಸೈಕಲ್, ಇರುವುದು ಒಂದೇ ಚೈನ್, ಮೇಣ ಹಾಕಿದರೆ ಚೈನ್ ಹೆಚ್ಚು ಬಾಳುತ್ತದೆ ಮತ್ತು ಪೆಡಲ್ ಹಗುರಾಗುತ್ತದೆ ಎಂಬ ಆಸೆ. ನಾಲ್ಕು ವರ್ಷದ ಹಿಂದೆ ನನ್ನ ಸ್ಥಿತಿಯೂ ಚಾಚೂ ತಪ್ಪದೆ ಇದೇ ಆಗಿತ್ತು.

ಎಣ್ಣೆಯ ಮೇಲೆ ನನಗೆ ಸಿಟ್ಟಿತ್ತು. ನನ್ನ ಪ್ಯಾಂಟುಗಳ ಬಲಗಾಲಿನಲ್ಲಿ ಒಂದೇ ಎತ್ತರದಲ್ಲಿ ಹಲ್ಲುಚಕ್ರದ ಕಪ್ಪು ಅಚ್ಚು ಬಿದ್ದಿತ್ತು, ಒಗೆದರೂ ಹೋಗದು. ಆ ಕಪ್ಪು ಬರೀ ಕೊಳೆಯಲ್ಲ. ರಸ್ತೆಯ ದೂಳು ಮತ್ತು ಚೈನಿನದೇ ಸವೆದ ಉಕ್ಕಿನ ಪುಡಿ ಎಣ್ಣೆಯಲ್ಲಿ ಕಲಸಿ ಆದ ಲೇಪ ಅದು. ಎರಡು ಬೆರಳ ನಡುವೆ ತಿಕ್ಕಿದರೆ ಕರಕರ ಎನ್ನುತ್ತದೆ. ಹೀಗಿರುವಾಗ ಗೆಳೆಯನೊಬ್ಬನ ಮೇಣದ ಚೈನನ್ನು ಮುಟ್ಟಿ ನೋಡಿದೆ. ಬೆರಳಿಗೆ ಏನೂ ಅಂಟಲಿಲ್ಲ. ಮರುವಾರವೇ ಪ್ಯಾರಾಫಿನ್ ಮೇಣ ತಂದೆ, ಹೊಸ ಚೈನ್ ತಂದೆ.

ಹೊಸ ಚೈನ್ ಕಾರ್ಖಾನೆಯಿಂದ ಬರುವಾಗಲೇ ಗ್ರೀಸ್ ತುಂಬಿಕೊಂಡು ಬರುತ್ತದೆ. ಮೇಣ ಹಿಡಿಯಬೇಕಾದರೆ ಅದು ಪೂರ್ತಿ ಹೋಗಬೇಕು ಎಂಬಷ್ಟು ನನಗೂ ಗೊತ್ತಿತ್ತು. ಚೈನನ್ನು ಮುಚ್ಚಳದ ಡಬ್ಬಿಗೆ ಹಾಕಿ, ಸೀಮೆಎಣ್ಣೆ ಸುರಿದು ಕುಲುಕಿದೆ. ಮೊದಲ ಸಲ ಮಬ್ಬು ಹಳದಿ, ಎರಡನೆಯ ಸಲ ತೆಳು ಹಳದಿ, ಮೂರನೆಯ ಸಲ ಸುರಿದಷ್ಟೇ ತಿಳಿ. ಬಟ್ಟೆಯಿಂದ ಒರೆಸಿ, ಬಿಸಿಲಿಗೆ ನೇತುಹಾಕಿ, ಸಂಜೆ ಮೇಣದಲ್ಲಿ ಅದ್ದಿದೆ. ತಪ್ಪು ಇಲ್ಲಿಯೇ ಆಯಿತು. ಉಳಿದದ್ದೆಲ್ಲ ಅದರ ಸಂತಾನ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನನಗೆ ಯಾರೂ ಹೀಗೆ ಹೇಳಿರಲಿಲ್ಲ. "ಚೆನ್ನಾಗಿ ತೊಳೆಯಿರಿ" ಎಂದಷ್ಟೇ ಹೇಳಿದ್ದರು.

ಸೀಮೆಎಣ್ಣೆ ಗ್ರೀಸನ್ನು ಕರಗಿಸುತ್ತದೆ, ನಿಜ. ಆದರೆ ಹೆಸರೇ ಹೇಳುವಂತೆ ಅದೂ ಒಂದು ಎಣ್ಣೆ. ಪೆಟ್ರೋಲಿನಂತೆ ಬೇಗ ಹಾರಿಹೋಗುವುದಿಲ್ಲ. ಬಯಲಲ್ಲಿಟ್ಟ ತಟ್ಟೆಯಿಂದಲೇ ಆರಲು ಹೊತ್ತು ಹಿಡಿಯುವಾಗ, ಚೈನಿನ ಒಳಗಿನ ಕೂದಲೆಳೆಯಷ್ಟು ಸಂದಿನಿಂದ ಒಂದು ಮಧ್ಯಾಹ್ನದ ಬಿಸಿಲಿಗೆ ಹೇಗೆ ಆರೀತು? ಇನ್ನೊಂದು ಸಂಗತಿ: ಪ್ರತಿ ತೊಳೆತವೂ ಗ್ರೀಸನ್ನು ತೆಳ್ಳಗೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಡಬ್ಬಿಯಿಂದ ಚೈನನ್ನು ಎತ್ತಿದಾಗ ಗ್ರೀಸ್ ಕರಗಿದ ಸೀಮೆಎಣ್ಣೆಯ ಒಂದು ಪಾಲು ಒಳಗೇ ಉಳಿದು ಬರುತ್ತದೆ. ಅದು ಆರಿದ ಮೇಲೆ ಉಳಿಯುವುದೇನು? ಅದೇ ಗ್ರೀಸ್, ತೆಳುವಾದ ಪದರವಾಗಿ. ಡಬ್ಬಿಯ ಸೀಮೆಎಣ್ಣೆ ತಿಳಿಯಾದದ್ದು ಕಣ್ಣಿಗೆ ಕಂಡ ಶುದ್ಧಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದವನು ತಿಳಿಯಾದ ಸೀಮೆಎಣ್ಣೆಯನ್ನು ನಂಬಿ ಕುಳಿತೆ. ಸೀಮೆಎಣ್ಣೆಯ ನಂತರ ಆಲ್ಕೊಹಾಲಿನಲ್ಲಿ, ಅಂದರೆ ಐಸೊಪ್ರೊಪೈಲ್ ಅಥವಾ ಮಿಥಿಲೇಟೆಡ್ ಸ್ಪಿರಿಟ್‌ನಲ್ಲಿ, ಮತ್ತೆ ಒಂದೆರಡು ಸಲ ಕುಲುಕಬೇಕಿತ್ತು. ಆ ಜಿಡ್ಡಿನ ಪದರವನ್ನು ತೆಗೆದು, ತಾನೂ ಏನನ್ನೂ ಉಳಿಸದೆ ಹಾರಿಹೋಗುವುದು ಅದೇ. ನಾನು ಬಿಟ್ಟದ್ದು ಅದೊಂದೇ ಹೆಜ್ಜೆ, ಹತ್ತು ನಿಮಿಷದ ಕೆಲಸ.

ಆ ಪದರ ಅಷ್ಟು ಮುಖ್ಯವೇ ಎಂದು ಕೇಳಬಹುದು. ಚೈನಿನಲ್ಲಿ ಸವೆತ ಎಲ್ಲಿ ಆಗುತ್ತದೆ ಎಂದು ನೋಡಿ. ಹಾನ್ಸ್ ರೆನಾಲ್ಡ್ 1880ರಲ್ಲಿ ಬುಶ್ ರೋಲರ್ ಚೈನ್ ರೂಪಿಸಿದಂದಿನಿಂದ ಮೂಲ ವ್ಯವಸ್ಥೆ ಹೆಚ್ಚುಕಡಿಮೆ ಅದೇ: ಒಂದು ಪಿನ್, ಅದರ ಸುತ್ತ ಬುಶ್ ಎಂಬ ಪುಟ್ಟ ಕೊಳವೆ, ಅದರ ಹೊರಗೆ ಉರುಳುವ ರೋಲರ್. ಗೇರ್ ಸೈಕಲ್ಲುಗಳ ಈಗಿನ ಚೈನಿನಲ್ಲಿ ಬಿಡಿ ಬುಶ್ ಇಲ್ಲ, ಒಳಪ್ಲೇಟಿನ ತುಟಿಯೇ ಆ ಕೆಲಸ ಮಾಡುತ್ತದೆ. ಹಲ್ಲಿನ ಮೇಲೆ ಹತ್ತಿ ಇಳಿಯುವಾಗ ಕೊಂಡಿ ಮಡಿಸಿಕೊಳ್ಳುವುದು ಪಿನ್ ಮತ್ತು ಆ ತುಟಿಯ ನಡುವೆ. 114 ಕೊಂಡಿಗಳ ಚೈನೆಂದರೆ ಅಂಥ 114 ಪಿನ್ನುಗಳು. ಮೇಣವಾಗಲಿ ಎಣ್ಣೆಯಾಗಲಿ ಹೋಗಬೇಕಾದ ಜಾಗ ಅದೊಂದೇ. ಹೊರಗಿನ ಪ್ಲೇಟಿನ ಮೇಲೆ ಹೊಳೆಯುವ ಮೇಣ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದಂತೆ. ನನ್ನ ಚೈನಿನ ಜುಟ್ಟು ಬಹಳ ಚೆನ್ನಾಗಿತ್ತು.

ಜಿಡ್ಡಿರುವ ಉಕ್ಕಿಗೆ ಮೇಣ ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ. ಎಣ್ಣೆಯಾದರೆ ಒತ್ತಡಕ್ಕೆ ಸರಿದರೂ ಹರಿದು ಮತ್ತೆ ಒಳಗೆ ಬರುತ್ತದೆ. ಮೇಣ ಘನ, ಒಮ್ಮೆ ಸರಿದರೆ ಸರಿದದ್ದೇ. ಸರಿಯಾಗಿ ಮೇಣ ಹಿಡಿಸಿದ ಚೈನ್ ಒಣ ರಸ್ತೆಯಲ್ಲಿ ಸುಮಾರು 300 ಕಿ.ಮೀ. ಓಡುತ್ತದೆ. ನನ್ನದು 80 ಕಿ.ಮೀ. ಆಗುವಷ್ಟರಲ್ಲಿ ಕಿರುಗುಟ್ಟತೊಡಗಿತು. ಇಲ್ಲಿ ನಿಂತು ಯೋಚಿಸಬೇಕಿತ್ತು. ನಾನು ಏನು ಮಾಡಿದೆ? ಮತ್ತೆ ಅದ್ದಿದೆ. ವಾರಕ್ಕೊಂದು ಸಲ, ಭಾನುವಾರ ಬೆಳಿಗ್ಗೆ, ಬಹಳ ನಿಷ್ಠೆಯಿಂದ. ಪ್ರತಿ ಸಲವೂ ಕೊಂಡಿಗಳಲ್ಲಿ ಉಳಿದಿದ್ದ ಜಿಡ್ಡು ಸ್ವಲ್ಪ ಸ್ವಲ್ಪವಾಗಿ ಪಾತ್ರೆಗೆ ಇಳಿಯಿತು, ಅದರ ಜೊತೆಗೆ ದೂಳೂ ಇಳಿಯಿತು. ಮೇಣಕ್ಕೆ ಜಿಡ್ಡು ಬೆರೆತರೆ ಅದು ಮೆತ್ತಗಾಗುತ್ತದೆ, ಮೆತ್ತಗಾದದ್ದು ಅಂಟಾಗುತ್ತದೆ, ಅಂಟಿಗೆ ದೂಳು ಹಿಡಿಯುತ್ತದೆ. ದೂಳು ಅಂಟಬಾರದೆಂದು ಶುರುಮಾಡಿದ ವ್ರತ, ಪಾತ್ರೆಯ ತಳದಲ್ಲಿ ಮರಳು ಶೇಖರಿಸಿ ಅದನ್ನೇ ಪ್ರತಿ ಭಾನುವಾರ ಪಿನ್ನಿನೊಳಗೆ ತುಂಬುವ ಕೆಲಸವಾಗಿ ಮುಗಿಯಿತು. ಸಾಲದೆಂಬಂತೆ ಮೇಣ ಚೆನ್ನಾಗಿ ಒಳಗೆ ಹೋಗಲಿ ಎಂದು ಚೈನಿನಿಂದಲೇ ತಳದವರೆಗೂ ಕಲಕುತ್ತಿದ್ದೆ.

ಇಷ್ಟೆಲ್ಲ ಆಗುತ್ತಿದ್ದರೂ ಚೈನ್ ನೋಡಲು ಚೆಂದವಾಗಿಯೇ ಇತ್ತು. ಎಣ್ಣೆಯ ಕಾಲದಲ್ಲಾದರೆ ಕಪ್ಪು ಕಂಡೊಡನೆ ಒರೆಸುತ್ತಿದ್ದೆ, ಆಗಾಗ ಅಳೆಯುತ್ತಲೂ ಇದ್ದೆ. ಮೇಣ ಬಂದ ಮೇಲೆ ಅಳತೆಯನ್ನು ಕೈಬಿಟ್ಟೆ. ಬೂದು ಬಣ್ಣದ, ಒಣಗಿದ, ಕೈಗೆ ಅಂಟದ ಚೈನ್ ಸವೆದಿರುತ್ತದೆಂದು ಯಾರಿಗೆ ಅನುಮಾನ ಬಂದೀತು?

2,400 ಕಿ.ಮೀ. ಆದಾಗ ಗೇರ್ ಬದಲಾಯಿಸುವುದು ತಡವರಿಸತೊಡಗಿತು. ಆಗ ಉಕ್ಕಿನ ಅಳತೆಪಟ್ಟಿ ಹಿಡಿದೆ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ, ಅಂದರೆ 12.7 ಮಿ.ಮೀ. ಸೊನ್ನೆಯ ಗೆರೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದರೆ ಹೊಸ ಚೈನಿನ 24 ಕೊಂಡಿಗಳ ಆಚೆಯ ಪಿನ್ ಸರಿಯಾಗಿ 12 ಅಂಗುಲದ ಗೆರೆಯ ಮೇಲೆ ಕೂರಬೇಕು. ನನ್ನದು ಗೆರೆ ದಾಟಿ ಅಂಗುಲದ ಎಂಟನೇ ಒಂದು ಭಾಗ ಮುಂದೆ ಕೂತಿತ್ತು. ಶೇ. 1ರಷ್ಟು ಸವೆತ. ಹನ್ನೊಂದು, ಹನ್ನೆರಡು ಗೇರುಗಳ ಚೈನನ್ನು ಶೇ. 0.5ಕ್ಕೇ ಬದಲಿಸಬೇಕು. ಶೇ. 0.5 ಎಂದರೆ ಒಂದೊಂದು ಪಿನ್ನಿನಲ್ಲಿ ಆಗುವ ಸವೆತ 0.06 ಮಿ.ಮೀ. ಮಾತ್ರ, ಒಂದು ಕೂದಲಿನ ದಪ್ಪ. ಚೈನ್ ಜಗ್ಗಿ ಉದ್ದವಾಯಿತು ಎನ್ನುತ್ತಾರಲ್ಲ, ಉಕ್ಕೇನೂ ಜಗ್ಗಿರುವುದಿಲ್ಲ. ಈ ಕೂದಲಿನ ಲೆಕ್ಕ ನೂರಕ್ಕೂ ಹೆಚ್ಚು ಪಿನ್ನುಗಳಲ್ಲಿ ಕೂಡಿ ಬಂದಿರುತ್ತದೆ.

ಹಳೆಯ ಕ್ಯಾಸೆಟ್‌ಗೇ ಹೊಸ ಚೈನ್ ಹಾಕಿದೆ. ಸವೆದ ಚೈನಿನೊಂದಿಗೆ ಸವೆದ ಹಲ್ಲುಗಳು ಹೊಂದಿಕೊಂಡು ನಡೆಯುತ್ತಿರುತ್ತವೆ. ಹೊಸ ಚೈನಿಗೆ ಆ ಹಲ್ಲುಗಳು ಒಗ್ಗುವುದಿಲ್ಲ. ಸಮತಟ್ಟಿನಲ್ಲಿ ಏನೂ ತಿಳಿಯಲಿಲ್ಲ. ಏರಿನಲ್ಲಿ ಸೀಟಿನಿಂದ ಎದ್ದು, ನಾನು ಅತಿ ಹೆಚ್ಚು ಬಳಸುವ ಗೇರಿನಲ್ಲಿ ಇಡೀ ಮೈಭಾರ ಎಡ ಪೆಡಲಿನ ಮೇಲೆ ಹಾಕಿದೆ. ಟಣ್ ಎಂದು ಚೈನ್ ಹಲ್ಲು ಹಾರಿತು. ಪೆಡಲ್ ಹಿಡಿತವಿಲ್ಲದೆ ಕೆಳಗೆ ಕುಸಿಯಿತು, ನಾನು ಮುಂದಕ್ಕೆ ಬಿದ್ದೆ, ಮಂಡಿ ಹ್ಯಾಂಡಲಿಗೆ ಬಡಿದು ನೆಲಕ್ಕೂ ತಾಗಿತು. ಕ್ಯಾಸೆಟ್ ಬದಲಿಸುವಾಗ ಮುಂದಿನ ಹಲ್ಲುಚಕ್ರವೂ ಹೋಗಿದೆ ಎಂದು ತಿಳಿಯಿತು: ಅದರ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದವು.

ಅಂದು ಸಂಜೆ ತಣ್ಣಗಾದ ಪಾತ್ರೆಯ ಮೇಣಕ್ಕೆ ಉಗುರು ಒತ್ತಿದೆ. ಶುದ್ಧ ಪ್ಯಾರಾಫಿನ್ ಆದರೆ ಉಗುರಿಗೆ ಗೀಚು ಮಾತ್ರ ಬೀಳುತ್ತದೆ, ಚೂರು ಏಳುತ್ತದೆ. ನನ್ನ ಮೇಣದೊಳಗೆ ಉಗುರು ತುಟಿಗೆ ಹಚ್ಚುವ ಮುಲಾಮಿನೊಳಗೆ ಇಳಿದಂತೆ ಇಳಿಯಿತು. ಗಡ್ಡೆಯನ್ನು ಬೋರಲು ಹಾಕಿ ತೆಗೆದರೆ ತಳದಲ್ಲಿ ಬೆರಳಿನಷ್ಟು ದಪ್ಪದ ಕಪ್ಪು ಮರಳು. ಸೀಮೆಎಣ್ಣೆಯ ಕಥೆ ಪೂರ್ತಿ ಅರ್ಥವಾದದ್ದು ಆಗ.

ಈಗ ನಿಮ್ಮ ಪ್ರಶ್ನೆ. ಮೇಣವೋ ಎಣ್ಣೆಯೋ ಎಂದು ಕೇಳುವುದೇ ತಪ್ಪು ಜಾಗದಿಂದ ಶುರುಮಾಡಿದಂತೆ ಎಂದು ನನ್ನ ಅಭಿಪ್ರಾಯ. ಪೆಡಲ್ ಹಗುರಾಗುವ ಆಸೆಯನ್ನು ಮೊದಲು ಬಿಡಿ. 1999ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಪೈಸರ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಸೈಕಲ್ ಚೈನಿನ ದಕ್ಷತೆ ಅಳೆದಾಗ ಅತ್ಯುತ್ತಮ ಅಂಕಿ ಶೇ. 98.6 ಬಂತು, ಹಲ್ಲುಚಕ್ರ ದೊಡ್ಡದಾದಷ್ಟೂ, ಚೈನಿನ ಬಿಗಿ ಹೆಚ್ಚಿದಷ್ಟೂ ದಕ್ಷತೆ ಏರಿತು, ಯಾವ ಲೂಬ್ರಿಕೆಂಟ್ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ದೂಳಿಲ್ಲದ ಕೋಣೆ, ರಸ್ತೆ ಬೇರೆ, ಸ್ಪರ್ಧೆಗೆ ಇಳಿಯುವವರು ಒಂದೆರಡು ವ್ಯಾಟ್‌ಗೂ ಒದ್ದಾಡುತ್ತಾರೆ, ಎಲ್ಲ ಒಪ್ಪಿದೆ. ನೀವು ಬೆನ್ನಿಗೆ ಚೀಲ ಹಾಕಿಕೊಂಡು ಕೆಲಸಕ್ಕೆ ಹೋಗುವವರು. ನಿಮಗೆ ಬೇಕಾದದ್ದು ಪಿನ್ನಿನೊಳಗೆ ಮರಳು ಹೋಗದಿರುವುದು, ಅಷ್ಟೇ.

ಒಂದೇ ಚೈನ್ ಇಟ್ಟುಕೊಂಡು, ಮಳೆಯಲ್ಲಿ ಓಡಿಸುತ್ತಾ, ಬಿಸಿ ಮೇಣಕ್ಕೆ ಕೈಹಾಕಬೇಡಿ. ಇದನ್ನು ಮೇಣದ ಭಕ್ತರು ಒಪ್ಪುವುದಿಲ್ಲ, ನಾನೂ ಆ ಭಕ್ತರಲ್ಲಿ ಒಬ್ಬನೇ. ಮಳೆಯಲ್ಲಿ ನೆನೆದ ಮೇಣದ ಚೈನನ್ನು ಅಂದೇ ಒರೆಸಿ ಒಣಗಿಸಿ ಬೇಗ ಮತ್ತೆ ಅದ್ದದಿದ್ದರೆ ತುಕ್ಕು ಹಿಡಿಯುತ್ತದೆ. ಮೇಣ ನೀರನ್ನು ತಡೆದು ನಿಲ್ಲಿಸುತ್ತದೆ ಎಂಬುದು ಅರ್ಧ ಸತ್ಯ. ಮಳೆಗಾಲದಲ್ಲಿ ಕೆಲಸದಿಂದ ಬಂದು, ಚೈನ್ ಬಿಚ್ಚಿ, ಒಣಗಿಸಿ, ಮೇಣ ಕಾಯಿಸುವ ಉತ್ಸಾಹ ನಿಮಗೆ ಎಷ್ಟು ದಿನ ಇರುತ್ತದೆ? ನನಗೆ ಹನ್ನೊಂದು ದಿನ ಇತ್ತು. ಈಗ ನನ್ನ ಬಳಿ ಎರಡು ಸೈಕಲ್ ಇವೆ: ಒಣದಿನದ ಸೈಕಲ್ಲಿಗೆ ಎರಡು ಚೈನ್, ಒಂದು ಓಡುವಾಗ ಇನ್ನೊಂದು ಮೇಣ ಹಿಡಿದು ಗೋಡೆಯ ಮೊಳೆಯಲ್ಲಿ ಕಾಯುತ್ತಿರುತ್ತದೆ. ಮಳೆಯ ಸೈಕಲ್ಲಿಗೆ ಎಣ್ಣೆ.

ಎಣ್ಣೆಯನ್ನು ನಾವೆಲ್ಲ ಹಾಕುವುದೇ ತಪ್ಪಾಗಿ. ಚೈನಿನ ಮೇಲೆ ಧಾರೆ ಎರೆಯಬಾರದು. ಮೊದಲು ಒಣಬಟ್ಟೆಯಿಂದ ಒರೆಸಿ, ಪೆಡಲನ್ನು ನಿಧಾನ ಹಿಂದಕ್ಕೆ ತಿರುಗಿಸುತ್ತಾ ಒಂದೊಂದು ರೋಲರಿಗೆ ಒಂದೊಂದೇ ಹನಿ. 114 ಹನಿ, ಐದು ನಿಮಿಷ. ರಾತ್ರಿ ಹಾಗೆಯೇ ಬಿಡಿ, ಒಳಗೆ ಇಳಿಯಲಿ. ಬೆಳಿಗ್ಗೆ ಹೊರಗೆ ಕಾಣುವುದನ್ನೆಲ್ಲ ಬಟ್ಟೆಗೆ ಕರಿ ಹತ್ತುವುದು ನಿಲ್ಲುವವರೆಗೂ ಒರೆಸಿ ತೆಗೆಯಿರಿ. ಹೊರಗೆ ಉಳಿದ ಎಣ್ಣೆಗೆ ದೂಳು ಹಿಡಿಯುವುದು ಬಿಟ್ಟು ಬೇರೆ ಕೆಲಸವಿಲ್ಲ. ನನ್ನ ಪ್ಯಾಂಟಿನ ಆ ಅಚ್ಚುಗಳಿಗೆ ಕಾರಣ ಎಣ್ಣೆಯಾಗಿರಲಿಲ್ಲ, ಒರೆಸದ ಸೋಮಾರಿತನವಾಗಿತ್ತು. ಬೆಳಿಗ್ಗೆ ಒರೆಸುವುದೂ ಬೇಸರವೆನ್ನಿಸಿದರೆ ನೀರಿನಲ್ಲಿ ಬೆರೆಸಿದ, ಹನಿಹನಿಯಾಗಿ ಹಾಕುವ ಮೇಣ ಬಾಟಲಿಯಲ್ಲಿ ಸಿಗುತ್ತದೆ. ಅದಕ್ಕೂ ಚೈನ್ ಸ್ವಚ್ಛವಿರಬೇಕು, ಹಾಕಿ ಒಂದು ರಾತ್ರಿಯಾದರೂ ಒಣಗಬೇಕು. ಹಾಕಿದ ಕೂಡಲೇ ಓಡಿಸಿದರೆ ದಂಡ.

ಇಷ್ಟು ಹೇಳಿದರೂ ಅದ್ದಿಯೇ ತೀರುತ್ತೀರಿ ಎಂದು ನನಗೆ ಗೊತ್ತು, ನಾನೂ ಯಾರ ಮಾತೂ ಕೇಳಿರಲಿಲ್ಲ. ಹಾಗಾದರೆ ಸೀಮೆಎಣ್ಣೆಯ ನಂತರ ಸ್ಪಿರಿಟ್, ಸ್ಪಿರಿಟ್ ತಿಳಿಯಾಗಿ ಉಳಿಯುವವರೆಗೆ. ಚೈನ್ ಪೂರ್ತಿ ಒಣಗದೆ ಬಿಸಿಯ ಹತ್ತಿರ ತರಬೇಡಿ: ಸ್ಪಿರಿಟ್‌ನ ಆವಿಗೆ ಬೆಂಕಿ ಹತ್ತುತ್ತದೆ, ನೀರಿದ್ದರೆ ಮೇಣ ಸಿಡಿಯುತ್ತದೆ. ಮೇಣವನ್ನು ನೇರ ಉರಿಯ ಮೇಲೆ ಇಡಲೇಬೇಡಿ. ಕುದಿಯುವ ನೀರಿನ ಪಾತ್ರೆಯೊಳಗೆ ಮೇಣದ ಪಾತ್ರೆ ಇಟ್ಟರೆ ಶಾಖ 100 ಡಿಗ್ರಿ ದಾಟುವುದಿಲ್ಲ, 90ರ ಆಸುಪಾಸು ಸಾಕು. ಚೈನನ್ನು ತಂತಿಗೆ ಪೋಣಿಸಿ, ತಳ ಮುಟ್ಟದಂತೆ ಇಳಿಬಿಟ್ಟು, ಗುಳ್ಳೆ ಬರುವುದು ನಿಲ್ಲುವವರೆಗೂ ಮೆಲ್ಲಗೆ ಆಡಿಸಿ. ಆಮೇಲೆ ಒಲೆ ಆರಿಸಿ, ಮೇಣದ ಮೇಲೆ ತೆಳು ಕೆನೆ ಕಟ್ಟಲು ಶುರುವಾದಾಗ ಎತ್ತಿ; ಬಿಸಿಯಿರುವಾಗಲೇ ಎತ್ತಿದರೆ ಒಳಗಿನದ್ದೆಲ್ಲ ಸುರಿದುಹೋಗುತ್ತದೆ. ತಣಿದ ಚೈನ್ ಕೋಲಿನಂತೆ ಸೆಟೆದಿರುತ್ತದೆ, ಗಾಬರಿಯಾಗಬೇಡಿ, ಒಂದೊಂದೇ ಕೊಂಡಿ ಮಡಿಸಿ ಸಡಿಲಿಸಿ.

ಅದಕ್ಕೂ ಮೊದಲು ಈಗ ಸೈಕಲ್ಲಿನಲ್ಲಿರುವ ಹಳೆಯ ಚೈನನ್ನು ಅಳತೆಪಟ್ಟಿಯಿಂದ ಅಳೆದು, 12 ಅಂಗುಲದ ಗೆರೆಯಿಂದ ಪಿನ್ ಎಷ್ಟು ಮುಂದಿದೆ ಎಂದು ಇಲ್ಲಿಯೇ ಬರೆಯಿರಿ. ಅಂಗುಲದ ಹದಿನಾರನೇ ಒಂದು ಭಾಗಕ್ಕಿಂತ ಬಹಳ ಮುಂದಿದ್ದರೆ, ಹೊಸ ಚೈನಿಗೆ ಏನು ಹಾಕಬೇಕೆಂಬ ಚರ್ಚೆ ಆಮೇಲೆ. ಕ್ಯಾಸೆಟ್ ನೋಡದೆ ಏರಿನಲ್ಲಿ ಎದ್ದು ನಿಂತು ತುಳಿಯಬೇಡಿ.